ಮೋಟಾರಿನ ಹಲ್ಲು ನೋಡಿದ್ದು

ನಾನು ಕುಳಿತು ಇದನ್ನು ಬರೆಯುತ್ತಿರುವ ಗಾದಿ ಮೋಟಾರಿನದು. ಒಂದು ಕಾಲಕ್ಕೆ ಇದರ ಮೇಲೆ ಕೊಪ್ಪಳದ ಸರದಾರರೊಬ್ಬರು ಕುಳಿತು ಶಿಕಾರಿಗೆ ಹೋಗುತ್ತಿದ್ದರಂತೆ. ಈಗ ನಾನು ಕುಳಿತು ಶೇಂಗಾ ಸುಲಿಯುತ್ತೇನೆ. ಮೋಟಾರಿನ ಉಳಿದ ಅಂಗಾಂಗಗಳು ಯಾರ್‍ಯಾರ ಪಾಲಾದವೋ ಲೆಕ್ಕವಿಲ್ಲ. ನಾನು ಇದರ ಮೇಲೆ ಕುಳಿತಾಗಲೆಲ್ಲ ನನ್ನ ಹೆಂಡತಿ ನೀಲವ್ವ ಅಡುಗೆಮನೆಯಿಂದಲೇ, "ಮೋಟಾರ ಎಲ್ಲಿಗೆ ಹೊಂಟೈತ್ರಿ ಇವತ್ತು?" ಎಂದು ಕೇಳುತ್ತಿದ್ದಳು. ಈಗ ಹಾಗೆ ಕೇಳುವವರು ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಯಾರೂ ಕೇಳದಿದ್ದರೂ ನಾನೇ ಹೇಳಿಬಿಡುತ್ತೇನೆ.

ದೊಡ್ಡ ಯುದ್ಧ ಶುರುವಾಗುವುದಕ್ಕೆ ತುಸು ಮೊದಲಿನ ಮಾತು. ಆಗ ಯಲಬುರ್ಗಾದಿಂದ ಗಂಗಾವತಿಯವರೆಗೆ ಯಾರೇ ಎತ್ತು ಕೊಳ್ಳಲಿ, ಮೊದಲು ಕುಷ್ಟಗಿ ಹತ್ತಿರದ ನಮ್ಮ ಹಳ್ಳಿಗೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದರೆ ಅದರ ವಯಸ್ಸು, ಬೆನ್ನ ಮೇಲಿನ ಸುಳಿ ನೋಡಿದರೆ ಅದರ ಗುಣ, ಹಿಂದಿನಿಂದ ಹೆಜ್ಜೆ ನೋಡಿದರೆ ಅದರ ಹಿಂದಿನ ಯಜಮಾನನ ಗುಣ, ಎಲ್ಲವನ್ನೂ ನಾನು ಹೇಳಬಲ್ಲವನಾಗಿದ್ದೆ. ನಾನು "ಹೂಂ" ಅಂದರೆ ವ್ಯಾಪಾರ. "ಊಹೂಂ" ಅಂದರೆ ಆ ಎತ್ತು ಆ ಸಂತೆಯಲ್ಲಿ ಮತ್ತೆ ಮಾರಾಟವಾಗುತ್ತಿರಲಿಲ್ಲ! ಇಷ್ಟು ವಿದ್ಯೆ ಇದ್ದವನಿಗೆ ಜಗತ್ತಿನಲ್ಲಿ ಪರೀಕ್ಷೆ ಮಾಡಲಾಗದ ವಸ್ತು ಯಾವುದಿದ್ದೀತು?

ನೀಲವ್ವನ ತವರು ತಾವರಗೇರಾ. ನಮ್ಮ ಕಡೆ ಪಂಚಮಿ ಬಂತೆಂದರೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಅಣ್ಣನೋ ತಮ್ಮನೋ ಬಂಡಿ ಕಟ್ಟಿಕೊಂಡು ಕರೆಯಲು ಬರುತ್ತಾನೆ. ಅಲ್ಲಿ ಜೋಕಾಲಿ, ಉಂಡಿ, ನಾಗಪ್ಪನಿಗೆ ಹಾಲು. ಹಿಂದಿನ ವರ್ಷದ ಪಂಚಮಿಗೆ ಗಂಗಾವತಿಯ ನನ್ನ ಷಡ್ಡಕ ಬಾಡಿಗೆ ಮೋಟಾರಿನಲ್ಲಿ ಬಂದಿಳಿದಿದ್ದ. ಅಂದಿನ ಊಟದಲ್ಲಿ ಹೋಳಿಗೆಯ ಮಾತಿಲ್ಲ, ತುಪ್ಪದ ಮಾತಿಲ್ಲ, ಬರೇ ಮೋಟಾರಿನ ಮಾತು! ನನ್ನ ಮಾವ, ತಾನೇ ಸಾಕಿ ಬೆಳೆಸಿ ನನಗೆ ಮದುವೆಯಲ್ಲಿ ಕೊಟ್ಟ ಜೋಡೆತ್ತುಗಳ ಕಡೆ ಒಮ್ಮೆ ಕೂಡ ನೋಡದೆ, ಮೋಟಾರಿನ ಮೈಸವರುತ್ತ ನಿಂತಿದ್ದ. ಆ ಹೊಟ್ಟೆಯುರಿ ನನಗೆ ವರ್ಷವಿಡೀ ಆರಲಿಲ್ಲ.

ಆದ್ದರಿಂದ ಆ ಸಲ ನೀಲವ್ವನ ತಮ್ಮ ಬಂಡಿ ತಂದು ಬಾಗಿಲಲ್ಲಿ ನಿಲ್ಲಿಸಿದಾಗ ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಬಂಡಿ ತಿರುಗಿಸ್ಕೊಂಡು ಹೋಗೋ ತಮ್ಮಾ. ನಿಮ್ಮಕ್ಕನ್ನ ಮೋಟಾರನ್ಯಾಗ ಕರ್‍ಕೊಂಡು ಬರ್ತೀನಿ ಅಂತ ನಿಮ್ಮಪ್ಪಗ ಹೇಳು."

"ಯಾರ ಮೋಟಾರ್ ಮಾಮಾರ?"

"ನಂದು!"

ಅವನು ಅಂಗಳವನ್ನೆಲ್ಲ ಒಮ್ಮೆ ನೋಡಿದ. ಅಲ್ಲಿ ಎತ್ತು ಇದ್ದವು, ಎಮ್ಮೆ ಇತ್ತು, ಕೋಳಿ ಇದ್ದವು. ಖಾಲಿ ಬಂಡಿ ಹೊಡೆದುಕೊಂಡು ಹೋದ. ಬಂಡಿ ಊರ ಅಗಸಿ ದಾಟುವವರೆಗೂ ನೀಲವ್ವ ಹೊಸ್ತಿಲಲ್ಲಿ ನಿಂತೇ ಇದ್ದಳು.

"ಅವ್ವನ ಕಣ್ಣು ಭಾಳ ಮಂದ ಆಗ್ಯಾವಂತ್ರಿ," ಎಂದಳು ಒಳಗೆ ಬಂದು. "ಪೂರಾ ಹೋಗೂದ್ರೊಳಗ ಈ ಪಂಚಮಿಗೆ ನನ್ನ ಮಾರಿ ನೋಡಬೇಕಂತ ಹೇಳಿ ಕಳಿಸಿದ್ಲಂತ. ನೀವು ನೋಡಿದ್ರ ಬಂಡಿ ಕಳಿಸಿಬಿಟ್ರಿ."

"ನೋಡ್ತಾಳ ಬಿಡ. ಮೋಟಾರನ್ಯಾಗ ಕುಂತ ಮಗಳ ಮಾರಿ ನೋಡ್ತಾಳ."

"ಮೋಟಾರ ಇಲ್ಲದಿದ್ರೂ ಅಕಿ ನೋಡಾಕಿನ ಇದ್ಲು," ಎಂದು ನೀಲವ್ವ ರೊಟ್ಟಿ ಬಡಿಯಲು ಕುಳಿತಳು. ಅವತ್ತು ರೊಟ್ಟಿಗೆ ಬಿದ್ದ ಪೆಟ್ಟುಗಳೆಲ್ಲ ರೊಟ್ಟಿಗಷ್ಟೇ ಬಿದ್ದವೆಂದು ನಾನು ಹೇಳಲಾರೆ.

ಕೊಪ್ಪಳದ ಸರದಾರರಿಗೆ ಹೊಸ ಮೋಟಾರು ಬಂದಿದೆ, ಹಳೆಯದನ್ನು ಮಾರುತ್ತಾರೆ ಎಂಬ ಸುದ್ದಿ ತಂದವನು ನನ್ನ ಗೆಳೆಯ ದಲಾಲಿ ಬಸಣ್ಣ. ಎತ್ತಿನ ವ್ಯಾಪಾರ ಕುದುರಿಸುವುದರಲ್ಲಿ ಅವನದು ಎತ್ತಿದ ಕೈ. ಆ ವರ್ಷ ಹತ್ತಿ ಛಲೋ ಬಂದಿತ್ತು. ಇಬ್ಬರೂ ತಲೆಗೆ ಹೊಸ ರುಮಾಲು ಸುತ್ತಿಕೊಂಡು ಸರದಾರರ ವಾಡೆಗೆ ಹೋದೆವು.

ಮೋಟಾರು ಬೇವಿನ ಮರದ ನೆರಳಲ್ಲಿ ನಿಂತಿತ್ತು. ಕರ್ರಗೆ ಮಿರಿಮಿರಿ ಮಿಂಚುವ ಮೈ, ಹಿತ್ತಾಳೆಯ ಎರಡು ದೀಪ, ಒಳಗೆ ಕೆಂಪು ಚರ್ಮದ ಗಾದಿ. ನೋಡಿದ ಕೂಡಲೆ ಮನಸ್ಸು ಹೋಯಿತು. ಆದರೆ ಮಾರುವವನ ಮುಂದೆ ಮನಸ್ಸು ತೋರಿಸಿದವನು ಎತ್ತಿನ ವ್ಯಾಪಾರಿಯೇ ಅಲ್ಲ. ಮುಖ ಹುಳ್ಳಗೆ ಮಾಡಿಕೊಂಡು ಪರೀಕ್ಷೆ ಶುರುಮಾಡಿದೆ.

ಮೊದಲು ಎದುರು ನಿಂತು ಅದರ ಮೋರೆ ನೋಡಿದೆ. ಮುಂದಿನ ಬೆಳ್ಳಿಬಣ್ಣದ ಜಾಲರಿಯ ಕಡ್ಡಿಗಳನ್ನು ಬೆರಳಿನಿಂದ ಒಂದೊಂದಾಗಿ ಅಲುಗಾಡಿಸಿದೆ. "ಹಲ್ಲು ಸವದಿಲ್ಲ," ಎಂದು ಬಸಣ್ಣನಿಗೆ ಹೇಳಿದೆ. ಕಣ್ಣು, ಅಂದರೆ ದೀಪ, ಎರಡೂ ಸಮ ಇದ್ದವು. ಪಕ್ಕೆಯ ಮೇಲೆ ಅಂಗೈಯಿಂದ ಬಡಿದೆ. ಟಣ್ ಎಂದಿತು, ಹೊಟ್ಟೆ ಉಬ್ಬರವಿಲ್ಲ. ಮೈತುಂಬ ಕೈಯಾಡಿಸಿ ಸುಳಿ ಹುಡುಕಿದೆ. ಹಿಂದಿನ ಬಾಗಿಲ ಬಳಿ ಒಂದು ತಗ್ಗು ಸಿಕ್ಕಿತು. ಬಸಣ್ಣ ಗಾಬರಿಯಾದ.

"ಬಲಗಡಿಗೆ ಐತಿ, ಅಡ್ಡಿಲ್ಲ. ಮನಿಗೆ ಧಾನ್ಯ ತರೂ ಸುಳಿ," ಎಂದು ಸಮಾಧಾನ ಮಾಡಿದೆ.

ಆಮೇಲೆ ಡ್ರೈವರ್ ಹುಸೇನಸಾಬನಿಗೆ ಮೋಟಾರು ನಡೆಸಿ ತೋರಿಸಲು ಹೇಳಿ, ಹಿಂದೆ ಕುಕ್ಕರಗಾಲಲ್ಲಿ ಕುಳಿತು ಹೆಜ್ಜೆ ನೋಡಿದೆ. ಹಿಂಗಾಲು ಒಂದಕ್ಕೊಂದು ತಾಗುತ್ತಿರಲಿಲ್ಲ. ಹಿಂದಿನಿಂದ ಬಂದ ಹೊಗೆಯ ವಾಸನೆ ನೋಡಿದೆ. ಸ್ವಲ್ಪ ಖಾರವಿತ್ತು, ಮೇವಿನ ದೋಷ ಅಂದುಕೊಂಡೆ. ಹಾರ್ನು ಒತ್ತಿಸಿದೆ. ಆಹಾ! ಬೀಜದ ಹೋರಿಯ ಗುಟುರು!

ವಾಡೆಯ ಕಾರಭಾರಿ ಪಡಸಾಲೆಯಿಂದ ಇದನ್ನೆಲ್ಲ ನೋಡುತ್ತ ಕುಳಿತಿದ್ದವರು ಕೊನೆಗೆ ತಡೆಯಲಾರದೆ ಕೆಳಗಿಳಿದು ಬಂದರು. ಪಾಪ, ಪ್ರಾಮಾಣಿಕ ಮನುಷ್ಯ. "ಮುಚ್ಚಳ ತೆಗಿಸ್ತೀನ್ರಿ, ಇಂಜಿನ್ ನೋಡ್ರಿ. ಟೈರು ನೋಡ್ರಿ, ಬ್ರೇಕು ನೋಡ್ರಿ. ಹಳೇ ಮಾಲು, ನೋಡೇ ತಗೋಬೇಕು," ಎಂದರು.

ನಾನು ನಕ್ಕೆ. "ಕಾರಭಾರ್‍ರ, ಹೊಟ್ಟಿ ಸೀಳಿ ನೋಡಿ ಎತ್ತು ತಗೋತಾರೇನ್ರಿ?"

ಬಸಣ್ಣ ಹೆಮ್ಮೆಯಿಂದ ಮೀಸೆ ತಿರುವಿದ.

ಇನ್ನು ದರ. ನಮ್ಮಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿಕೊಂಡು, ಅದರ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುತ್ತೇವೆ. ಬಸಣ್ಣ ಮುಂದೆ ಬಂದವನೇ ಕಾರಭಾರಿಯ ಕೈಮೇಲೆ ವಲ್ಲಿ ಹಾಕಿ ಬೆರಳು ಹಿಡಿದ. ಕಾರಭಾರಿ ಬೆಚ್ಚಿ ಕೈ ಎಳೆದುಕೊಂಡರು. ಬಸಣ್ಣ ಬಿಡಲಿಲ್ಲ. ಅಂಗೈಯಲ್ಲಿ ಬೆರಳಾಡಿಸಿ ಚೌಕಾಸಿ ಮಾಡಿದ. ಕಾರಭಾರಿ ಕಚಗುಳಿಯಾಗಿ ಕಿಸಕ್ಕನೆ ನಕ್ಕರು.

"ಒಪ್ಪಿದ್ರು!" ಎಂದು ಬಸಣ್ಣ ಕೂಗಿಬಿಟ್ಟ.

ಕಾರಭಾರಿಗೆ ತಾವು ಏನನ್ನು ಒಪ್ಪಿದೆವೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಳೆಯ ಮೋಟಾರಿಗೆ ಅದು ನ್ಯಾಯವಾದ ದರವೇ ಆಗಿದ್ದರಿಂದ ತಕರಾರು ಮಾಡಲಿಲ್ಲ. ನಾವು ಪಂಚಮಿಗೆ ಹೋಗಿ ಬರುವವರೆಗೆ ಹುಸೇನಸಾಬ ನಮ್ಮ ಜೊತೆಗಿರಲಿ ಎಂದೂ ಹೇಳಿದರು. ಇಷ್ಟಕ್ಕೇ ಮುಗಿದಿದ್ದರೆ ನಾನು ಇಂದಿಗೂ ಬುದ್ಧಿವಂತನಾಗಿಯೇ ಇರುತ್ತಿದ್ದೆ.

ಹೊರಡುವ ಹೊತ್ತು. ಹುಸೇನಸಾಬ ಒಂದು ಸೊಟ್ಟ ಕಬ್ಬಿಣದ ಸರಳನ್ನು ಮೋಟಾರಿನ ಮೋರೆಗೆ ಚುಚ್ಚಿ ಗರಗರ ತಿರುಗಿಸಿದ. ಮೋಟಾರು ಗುರ್ರೆಂದು ಎದ್ದಿತು. ಅವನು ಸರಳನ್ನು ತೆಗೆದು ಗಾದಿಯ ಕೆಳಗೆ ಇಡಲು ಹೋದ.

"ತಡಿ!" ಎಂದೆ.

ಎತ್ತು ಮಾರಿದವನು ಎತ್ತನ್ನು ಕೊಡುತ್ತಾನೆ. ಅದನ್ನು ಕಟ್ಟುತ್ತಿದ್ದ ಕಣ್ಣಿಯನ್ನು ಮಾತ್ರ ಕೊಡುವುದಿಲ್ಲ. ಕಣ್ಣಿ ಅಂದರೆ ಕೊರಳ ಹಗ್ಗ. ಅದು ಕೊಟ್ಟವನ ಮನೆಯಲ್ಲೇ ಉಳಿಯಬೇಕು, ಇಲ್ಲದಿದ್ದರೆ ಅವನ ದನದ ಕೊಟ್ಟಿಗೆಯ ಭಾಗ್ಯವೆಲ್ಲ ಹಗ್ಗದ ಹಿಂದೆ ಹೋಗುತ್ತದೆ ಎಂಬುದು ನಮ್ಮ ಹಿರಿಯರ ಪದ್ಧತಿ. ಕೊಂಡವನು ಮರ್ಯಾದಸ್ಥನಾದರೆ ತಾನಾಗಿಯೇ ಕಣ್ಣಿ ಬಿಚ್ಚಿ ಹಿಂದಕ್ಕೆ ಕೊಡುತ್ತಾನೆ. ಮೋರೆಗೆ ಹಾಕಿ ಮೋಟಾರನ್ನು ಎಬ್ಬಿಸುವ ಸರಳು ಕಣ್ಣಿಯಲ್ಲದೆ ಮತ್ತೇನು? ನಾನು ಅದನ್ನು ಹುಸೇನಸಾಬನ ಕೈಯಿಂದ ತೆಗೆದುಕೊಂಡು, ಹಣೆಗೊತ್ತಿಕೊಂಡು, ಎರಡೂ ಕೈಯಿಂದ ಕಾರಭಾರಿಗೆ ಒಪ್ಪಿಸಿದೆ.

"ಯಜಮಾನ್ರ, ಅದು..." ಎಂದ ಹುಸೇನಸಾಬ.

"ಗೊತ್ತೈತಿ ಸುಮ್ಮನಿರು. ಇನ್ನೊಬ್ಬರ ಮನಿ ಭಾಗ್ಯ ಒಯ್ಯೂ ಮಂದಿ ನಾವಲ್ಲ!"

ಕಾರಭಾರಿ ಸರಳನ್ನೂ ನನ್ನನ್ನೂ ನೋಡಿದರು. ಇಷ್ಟೊಂದು ತಿಳಿದವನಂತೆ ಮಾತಾಡುವವನ ಮನೆಯಲ್ಲಿ ಇನ್ನೊಂದು ಸರಳು ಇದ್ದೇ ಇರುತ್ತದೆ ಎಂದು ಅವರು ತಿಳಿದಿರಬೇಕು. ಕೈಮುಗಿದು ಇಟ್ಟುಕೊಂಡರು. ದಾರಿಯುದ್ದಕ್ಕೂ ಹುಸೇನಸಾಬ ಏನೋ ಹೇಳಲು ಬಾಯಿ ತೆರೆಯುತ್ತಿದ್ದ. ನಾನು ಎತ್ತಿನ ಸುಳಿಗಳ ಬಗ್ಗೆ ಅವನಿಗೆ ತಿಳಿಸಿಕೊಡುತ್ತಿದ್ದುದರಿಂದ ಅವನಿಗೆ ಎಡೆ ಸಿಗಲಿಲ್ಲ.

ಊರಲ್ಲಿ ಹಬ್ಬವೇ ಆಯಿತು. ನೀಲವ್ವ ಗಾಲಿಗಳಿಗೆ ನೀರು ಹಾಕಿ, ಆರತಿ ಬೆಳಗಿ, ದೃಷ್ಟಿಯಾಗದಂತೆ ದೀಪಕ್ಕೆ ಕರಿದಾರ ಕಟ್ಟಿದಳು. ನಗುವುದಿಲ್ಲ ಎಂದು ಹಟ ಹಿಡಿದಿದ್ದವಳು ಗಾದಿಯನ್ನು ಮುಟ್ಟಿ ನೋಡಿ ನಕ್ಕೇಬಿಟ್ಟಳು. ಹುಸೇನಸಾಬ ಮೋಟಾರು ನಿಲ್ಲಿಸಿ ಕೆಳಗಿಳಿದು, "ಯಜಮಾನ್ರ, ನಿಮ್ಮ ಹ್ಯಾಂಡಲ್ ತರಸ್ರಿ, ಸರಿಯಾಗಿ ಕುಂದರ್ತೈತೋ ಇಲ್ಲೋ ನೋಡೂಣು," ಎಂದ.

"ಯಾವ ಹ್ಯಾಂಡಲ್?"

ಹುಸೇನಸಾಬ ಗಾಲಿಯ ಪಕ್ಕದಲ್ಲೇ ನೆಲಕ್ಕೆ ಕುಳಿತ. "ಯಾ ಅಲ್ಲಾ! ಅದು ಇಲ್ಲದ ಇದು ಏಳೂದಿಲ್ರಿ!"

ಕೊಪ್ಪಳಕ್ಕೆ ಯಾರನ್ನಾದರೂ ಕಳಿಸಿ ತರಿಸಬಹುದಿತ್ತು. ಆದರೆ ಬಿಟ್ಟುಕೊಟ್ಟ ಕಣ್ಣಿಯನ್ನು ಮರಳಿ ಬೇಡುವುದೆ? ಈ ಸೀಮೆಯಲ್ಲಿ ಆಮೇಲೆ ನನ್ನನ್ನು ಎತ್ತಿನ ಬಾಲ ಮುಟ್ಟಲೂ ಯಾರೂ ಬಿಡುತ್ತಿರಲಿಲ್ಲ. ಹುಸೇನಸಾಬನೇ ಒಂದು ಉಪಾಯ ಹೇಳಿದ. ಮಂದಿ ಕೂಡಿ ನೂಕಿದರೆ ಮೋಟಾರು ಏಳುತ್ತದೆ. ಎದ್ದ ಮೇಲೆ ತಾವರಗೇರಾ ಮುಟ್ಟುವವರೆಗೆ ಎಲ್ಲಿಯೂ ಇಂಜಿನ್ ಬಂದಾಗಬಾರದು, ಅಷ್ಟೆ.

ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಅವತ್ತು ನಸುಕಿನಲ್ಲೇ ನೀಲವ್ವ ನಮ್ಮ ಜೀತಗಾರ ಯಮನಪ್ಪನಿಗೆ ಬಂಡಿ ಹೂಡಿಸಿ ಮುಂದೆ ಕಳಿಸಿದಳು.

"ಮೋಟಾರ ಇರಾಗ ಬಂಡಿ ಯಾಕ?" ಎಂದು ಕೆರಳಿ ಕೇಳಿದೆ.

"ಉಂಡಿ ಬುಟ್ಟಿ, ಕಟಕ ರೊಟ್ಟಿ ಗಂಟು ಐತ್ರಿ. ಮೋಟಾರನ್ಯಾಗ ಕುಣದು ಪುಡಿ ಆಗ್ತಾವು. ಬಂಡ್ಯಾಗ ಬರ್‍ಲಿ," ಎಂದಳು. ಮುಖದಲ್ಲಿ ಉಂಡಿಯ ಕಾಳಜಿ ಬಿಟ್ಟು ಬೇರೇನೂ ಕಾಣಿಸಲಿಲ್ಲ.

ಊರೆಲ್ಲ ಸೇರಿ ನೂಕಿತು. ಅಗಸಿಯ ಇಳಿಜಾರಿನಲ್ಲಿ ಮೋಟಾರು ಕೆಮ್ಮಿ, ಸೀನಿ, ಗುರ್ರೆಂದು ಓಡತೊಡಗಿತು. ಆ ಬೆಳಗನ್ನು ನಾನು ಮರೆಯಲಾರೆ. ಶ್ರಾವಣದ ತಂಪುಗಾಳಿ, ಎರಡೂ ಬದಿಗೆ ಮೊಳಕಾಲೆತ್ತರದ ಸಜ್ಜೆ, ದಾರಿಬದಿಯ ಬೇವಿನ ಮರಕ್ಕೆಲ್ಲ ಜೋಕಾಲಿ. ನೀಲವ್ವನ ತಲೆಯ ಮೇಲಿನ ಸೆರಗು ಗಾಳಿಗೆ ಹಾರಿ ಹೋಯಿತು. ಅವಳು ಅದನ್ನು ಹಿಡಿಯಲು ಹೋಗಿ, ಹಿಡಿಯಲಾರದೆ, ಬಾಯ್ತುಂಬ ನಕ್ಕಳು. ಮದುವೆಯಾಗಿ ಅಷ್ಟು ವರ್ಷವಾಗಿತ್ತು. ಅವಳು ಬಯಲಲ್ಲಿ, ಹಾಗೆ ದನಿತೆಗೆದು ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆ ನಗೆಗಾದರೂ ಆ ಮೋಟಾರು ಕೊಂಡದ್ದು ಸಾರ್ಥಕ ಎಂದು ಈಗ ಅನ್ನಿಸುತ್ತದೆ.

ನಡುದಾರಿಯಲ್ಲಿ ನಮ್ಮದೇ ಬಂಡಿಯನ್ನು ಹಿಂದೆ ಹಾಕಿದೆವು. ನಾನು ಬೇಕೆಂದೇ ಹಾರ್ನು ಹೊಡೆಸಿ ಕೈಬೀಸಿದೆ. ಯಮನಪ್ಪ ನಮಸ್ಕಾರ ಮಾಡಿದ. ಎತ್ತುಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇನ್ನೂ ಸ್ವಲ್ಪ ದೂರ ಹೋದ ಮೇಲೆ ಒಂದು ಹಳ್ಳ ಬಂತು. ಅಷ್ಟರಲ್ಲಿ ಮೋಟಾರಿನ ಮೂಗಿನಿಂದ ಬುಸಬುಸ ಹಬೆ ಹೊರಟಿತ್ತು. ಹುಸೇನಸಾಬ ಇಂಜಿನ್ ನಡೆಯುತ್ತಿರುವಂತೆಯೇ ಗಾಡಿ ನಿಲ್ಲಿಸಿ, "ತುಸು ಆರಲಿ, ಆಮ್ಯಾಲ ಬಾಯಾಗ ನೀರ ಹಾಕೂಣು. ಇಂಜಿನ್ ಮಾತ್ರ ಬಂದ್ ಆಗಬಾರದ್ರಿ," ಎಂದು ಹೇಳಿ, ಡಬ್ಬಿ ಹಿಡಿದು ಹಳ್ಳಕ್ಕಿಳಿದ.

ನನ್ನ ಕರುಳು ಚುರುಕ್ಕೆಂದಿತು. ಅಷ್ಟು ದೂರ ಓಡಿ ಬಂದ ಜೀವ, ಮೈಯೆಲ್ಲ ಕಾದು ಕೆಂಡವಾಗಿದೆ. ದಣಿದ ಎತ್ತನ್ನು ಹಳ್ಳದಲ್ಲಿ ಮೈ ತೊಳೆಯದೆ ಮುಂದೆ ಹೊಡೆಯುವವನು ಒಕ್ಕಲಿಗನೆ? ಮೋಟಾರಿನ ಹಿಂದೆ ಕಟ್ಟಿದ್ದ ಕೊಡ ಬಿಚ್ಚಿ ನೀರು ತುಂಬಿ ತಂದೆ. ಪಕ್ಕದ ಮುಚ್ಚಳ ಎತ್ತಿದೆ. ಹೊಟ್ಟೆಯ ಮೇಲೆ ತಣ್ಣಗೆ ಸುರಿದೆ.

"ಬ್ಯಾಡ್ರಿ ಯಜಮಾನ್ರ!" ಎಂದು ಹುಸೇನಸಾಬ ಹಳ್ಳದಿಂದಲೇ ಕಿರುಚಿದ.

ಮೋಟಾರು ಒಮ್ಮೆ ಬಿಕ್ಕಿತು. ಒಮ್ಮೆ ನಡುಗಿತು. ಸುಮ್ಮನಾಯಿತು.

ಅವನೂ ನಾನೂ ನೂಕಿದೆವು. ಸಜ್ಜೆಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರೂ ಬಂದು ನೂಕಿದರು. ಹೊಟ್ಟೆಗೆ ನೀರು ಹೋದ ಮೋಟಾರು ಜಪ್ಪಯ್ಯ ಎಂದರೂ ಏಳಲಿಲ್ಲ. ನನ್ನ ಹೊಸ ರುಮಾಲಿನಿಂದ ಅದರ ಹೊಟ್ಟೆ ಒರೆಸಿದ್ದೂ ಆಯಿತು. ಹೊತ್ತು ನೆತ್ತಿಗೆ ಬಂತು.

ನೀಲವ್ವ ಬೇವಿನ ನೆರಳಲ್ಲಿ ಕುಳಿತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. "ಅವ್ವ ಬಾಗಲದಾಗ ಕುಂತು ದಾರಿ ನೋಡ್ತಿರ್‍ತಾಳ್ರಿ," ಎಂದಳು. "ದಾರೀನರ ಅಕಿಗೆ ಎಲ್ಲಿ ಕಾಣ್ತೈತಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ನನಗೆ ಆ ಮೋಟಾರಿನ ಮೇಲೂ ನನ್ನ ಮೇಲೂ ಬಂದ ಸಿಟ್ಟು ಅಷ್ಟಿಷ್ಟಲ್ಲ. ಷಡ್ಡಕನ ಎದುರು ಮೆರೆಯಲು ಹೋಗಿ ಒಬ್ಬ ತಾಯಿಯ ಪಂಚಮಿಯನ್ನೇ ಹಾಳು ಮಾಡಿದ್ದೆ.

ಅಷ್ಟರಲ್ಲಿ ದೂರದಿಂದ ಗೆಜ್ಜೆಯ ಸಪ್ಪಳ ಕೇಳಿಸಿತು. ಎತ್ತುಗಳು ತಮ್ಮ ಪಾಡಿಗೆ ತಲೆಯಾಡಿಸುತ್ತ ಬಂದು ಹಳ್ಳದ ದಂಡೆಯಲ್ಲಿ ನಿಂತವು. ಯಮನಪ್ಪ ಮೋಟಾರನ್ನೂ ನೋಡಿದ, ನನ್ನ ಒದ್ದೆ ರುಮಾಲನ್ನೂ ನೋಡಿದ.

"ಯಾಕ್ರಿ ಯಜಮಾನ್ರ, ಮೋಟಾರ ಮೆಲುಕು ಹಾಕಾಕತ್ತೈತೇನ್ರಿ?"

"ಬಂಡ್ಯಾಗ ಹತ್ತು," ಎಂದೆ ನೀಲವ್ವನಿಗೆ. "ಮೋಟಾರ ಇಲ್ಲೇ ಕೊಳೀಲಿ."

ಅವಳು ಹತ್ತಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು. "ಅಪ್ಪಗ ಮೋಟಾರನ್ಯಾಗ ಬರ್ತೀವಿ ಅಂತ ಹೇಳಿ ಕಳಿಸೀರಿ. ನಿಮ್ಮ ಮಾತು ಹೋಗೂದು ಬ್ಯಾಡ. ಯಮನಪ್ಪ, ಎತ್ತು ಬಿಚ್ಚು. ಇದಕ್ಕ ಹೂಡು."

ಬಂಡಿಯನ್ನು ಹೊಲದವರ ಗುಡಿಸಲ ಮುಂದೆ ಬಿಟ್ಟೆವು. ಎತ್ತಿನ ಕಣ್ಣಿಗಳನ್ನೇ ಬಿಚ್ಚಿ, ಜೋಡಿಸಿ ಹೊಸೆದು, ನೊಗವನ್ನು ಮೋಟಾರಿಗೆ ಕಟ್ಟಿದೆವು. ಅಂತೂ ಮೋಟಾರಿಗೆ ಕಣ್ಣಿ ಬಿತ್ತು! ಹುಸೇನಸಾಬ ಚಕ್ರ ಹಿಡಿದ. ಯಮನಪ್ಪ ಮೂತಿಯ ಮೇಲೆ ಹತ್ತಿ ಕುಳಿತು ಬಾರುಕೋಲು ಹಿಡಿದ. ಹಿಂದೆ ಕೆಂಪು ಗಾದಿಯ ಮೇಲೆ ಉಂಡಿ ಬುಟ್ಟಿ, ರೊಟ್ಟಿ ಗಂಟು, ನೀಲವ್ವ ಮತ್ತು ಕುಷ್ಟಗಿ ಸೀಮೆಯ ಸುಪ್ರಸಿದ್ಧ ಎತ್ತಿನ ಪರೀಕ್ಷಕನಾದ ನಾನು! ತಿರುವು ಬಂದಾಗಲೆಲ್ಲ ಹುಸೇನಸಾಬ ರೂಢಿಯಂತೆ ಹಾರ್ನು ಹೊಡೆಯುತ್ತಿದ್ದ. ಹೊಲಗಳಲ್ಲಿದ್ದವರೆಲ್ಲ ಕೆಲಸ ಬಿಟ್ಟು ರಸ್ತೆಗೆ ಬಂದು ನಿಲ್ಲುತ್ತಿದ್ದರು. ನಾನು ರುಮಾಲಿನಿಂದ ಮುಖ ಮುಚ್ಚಿಕೊಂಡೆ. ನೀಲವ್ವ ಮಾತ್ರ ಎಲ್ಲರಿಗೂ ಕೈಮುಗಿಯುತ್ತ, ಮಕ್ಕಳಿಗೆ ಉಂಡಿ ಹಂಚುತ್ತ ರಾಣಿಯಂತೆ ಕುಳಿತಿದ್ದಳು.

ತಾವರಗೇರಾ ಹತ್ತಿರವಾದಂತೆ ಎತ್ತುಗಳ ನಡಿಗೆ ಬಿರುಸಾಯಿತು. ಹುಟ್ಟಿದ ಊರಲ್ಲವೆ, ಯಾರೂ ದಾರಿ ಹೇಳಬೇಕಾಗಿರಲಿಲ್ಲ. ಸಂಜೆಯ ಬಿಸಿಲಿರುವಾಗಲೇ ಜೋಕಾಲಿಯಾಡುವ ಹುಡುಗಿಯರ ನಡುವೆ ಹಾದು, ಓಣಿ ತಿರುಗಿ, ಮಾವನ ಮನೆಯ ಮುಂದೆ ತಾವೇ ನಿಂತವು. ಓಣಿಯ ಮಂದಿಯೆಲ್ಲ ಸುತ್ತ ನೆರೆಯಿತು. ಪಡಸಾಲೆಯಲ್ಲಿ ನನ್ನ ಷಡ್ಡಕನೂ ಇದ್ದ. ಆ ಸಲ ಮೋಟಾರು ಸಿಗದೆ ಬಂಡಿಯಲ್ಲೇ ಬಂದಿದ್ದನಂತೆ!

ಮಾವ ಇಳಿದು ಬಂದ. ಮೋಟಾರಿನ ಕಡೆ ನೋಡಲೇ ಇಲ್ಲ. ನೇರವಾಗಿ ಎತ್ತುಗಳ ಬಳಿ ಹೋಗಿ ಬೆನ್ನು ಚಪ್ಪರಿಸಿದ. "ಎತ್ತು ಛಲೋ ಇಟ್ಟೀರಿ ಅಳಿಯಾರ," ಎಂದ. ಒಂದು ವರ್ಷದಿಂದ ನಾನು ಕೇಳಬೇಕೆಂದಿದ್ದ ಮಾತು ಅದೇ ಆಗಿತ್ತು.

ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಅತ್ತೆ ಹೊರಗೆ ಬಂದಳು. ಅವಳಿಗೆ ಮೋಟಾರೂ ಕಾಣಲಿಲ್ಲ, ಮಂದಿಯೂ ಕಾಣಲಿಲ್ಲ. "ನಮ್ಮ ನೀಲವ್ವ ಬಂದ್ಲೇನ?" ಎಂದು ಗಾಳಿಯಲ್ಲಿ ಕೈಚಾಚಿದಳು. "ಗೆಜ್ಜಿ ಸಪ್ಪಳ ಕೇಳಿಸ್ತು. ನಾನ ಕಟ್ಟಿ ಕಳಿಸಿದ ಗೆಜ್ಜಿ ಅವು." ಮೋಟಾರಿನಲ್ಲಿ ಭರ್ರನೆ ಬಂದಿದ್ದರೆ ಆ ಮುದುಕಿಗೆ ಮಗಳು ಬಂದದ್ದು ಗೊತ್ತೇ ಆಗುತ್ತಿರಲಿಲ್ಲ. ನೀಲವ್ವ ಓಡಿ ಹೋಗಿ ಅವಳ ಎರಡೂ ಕೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡಳು. ಅತ್ತೆ ಬಹಳ ಹೊತ್ತು ಮಗಳ ಮುಖವನ್ನು ಬೆರಳಿನಿಂದಲೇ ನೋಡಿದಳು. ನನಗೂ ಕಣ್ಣು ಮಂಜಾಯಿತು.

ಆಮೇಲೆ ಅತ್ತೆ ಎತ್ತುಗಳನ್ನು ಮುಟ್ಟಬೇಕೆಂದು ಮುಂದೆ ಬಂದು, ದಾರಿ ತಪ್ಪಿ, ಮೋಟಾರಿನ ಮೇಲೆ ಕೈಯಿಟ್ಟಳು. ದಾರಿಯಲ್ಲಿ ಬಿದ್ದ ಶ್ರಾವಣದ ತುಂತುರಿಗೆ ತೊಯ್ದ ಅದರ ಕರಿಯ ಬೆನ್ನಿನ ಮೇಲೆ ಮೆಲ್ಲಗೆ ಕೈಯಾಡಿಸಿದಳು. ನುಣ್ಣಗೆ, ತಣ್ಣಗೆ, ದುಂಡಗೆ ಇತ್ತು. ಅವಳ ಮುಖ ಅರಳಿತು.

"ಅಳಿಯಾರು ಎಮ್ಮಿ ಹೊಡ್ಕೊಂಡು ಬಂದಾರೇನವಾ? ಮೈ ಭಾಳ ಛಲೋ ಐತಿ. ಹಾಲು ಎಷ್ಟು ಕೊಡತೈತಿ?"

ಓಣಿಗೆ ಓಣಿಯೇ ನನ್ನ ಕಡೆ ತಿರುಗಿತು. ನಾನು ನೆಲ ನೋಡಿದೆ. ನೀಲವ್ವ ನನ್ನ ಕಡೆ ಒಮ್ಮೆ ನೋಡಿ, ತಾಯಿಯ ಕಿವಿಯ ಹತ್ತಿರ ಬಾಗಿ, ಇಡೀ ತಾವರಗೇರಾಕ್ಕೆ ಕೇಳುವಂತೆ ಹೇಳಿದಳು.

"ಗೊಡ್ಡೆಮ್ಮಿ ಬೇ ಅದು. ಹಲ್ಲು ನೋಡಿ ತಗೊಂಡಾರ!"